ರಸ್ತೆಗಿಳಿದ ಕ್ರೇನಿಗೆ ವಾರಸುದಾರರು ಯಾರು?

2023ರ ಜನವರಿ 22ರ ರಾತ್ರಿ ತಮಿಳುನಾಡಿನ ಅರಕ್ಕೋಣಂ ಸಮೀಪದ ಕೀಳ್ವೀದಿ ಗ್ರಾಮದಲ್ಲಿ ದೇವಿಯ ಉತ್ಸವ ನಡೆದಿತ್ತು. ಹಾರಗಳನ್ನು ದೇವರಿಗೆ ಅರ್ಪಿಸುವ ಸಲುವಾಗಿ ಕೆಲವರು ಕ್ರೇನ್ ಏರಿದ್ದರು. ನೋಡನೋಡುತ್ತಿದ್ದಂತೆ ಆ ಕ್ರೇನ್ ವಾಲಿ, ಕೆಳಗೆ ನೆರೆದಿದ್ದ ಜನರ ಮೇಲೆ ಮಗುಚಿತು. ನಾಲ್ವರು ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಎಲ್ಲ ಕಡೆ ನಡೆಯುವಂತೆ ಅಲ್ಲಿಯೂ ಪೊಲೀಸರು ಕ್ರೇನ್ ನಡೆಸುತ್ತಿದ್ದವನನ್ನು ವಶಕ್ಕೆ ತೆಗೆದುಕೊಂಡರು.

ಇಂಥ ಸುದ್ದಿ ಓದಿದಾಗ ಸಹಜವಾಗಿ ಏಳಬೇಕಾದ ಕೆಲವು ಪ್ರಶ್ನೆಗಳಿವೆ. ಆ ಕ್ರೇನನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಪರೀಕ್ಷಿಸಿದವರು ಯಾರು? ಎಷ್ಟು ಭಾರ ಎತ್ತಬಹುದು, ಮನುಷ್ಯರನ್ನು ಎತ್ತಬಹುದೇ ಎಂಬುದನ್ನು ಯಾರಾದರೂ ಲಿಖಿತವಾಗಿ ಹೇಳಿದ್ದರೇ? ದುರಂತದ ಮರುದಿನ ಚಾಲಕನ ಅಜಾಗರೂಕತೆಯ ಬಗ್ಗೆ ನಡೆಯುವಷ್ಟು ಚರ್ಚೆ ಈ ಪ್ರಶ್ನೆಗಳ ಬಗ್ಗೆ ನಡೆಯುವುದಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಆಡಳಿತ ವ್ಯವಸ್ಥೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಇಲಾಖೆ ಯಾವುದು ಎಂಬುದೇ ಸ್ಪಷ್ಟವಿಲ್ಲ.

ಅರಕ್ಕೋಣಂ ನಮಗೆ ದೂರದ ಊರಲ್ಲ, ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಹಾದಿಯಲ್ಲೇ ಇದೆ. ಅಲ್ಲಿ ನಡೆದದ್ದು ನಮ್ಮಲ್ಲಿ ನಡೆಯಲಾರದು ಎಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಸೇಬಿನ ಹಾರ, ಕೊಬ್ಬರಿ ಹಾರಗಳನ್ನು ಕ್ರೇನಿಗೆ ನೇತುಹಾಕಿ ನಾಯಕರನ್ನು ಸ್ವಾಗತಿಸಿದ ದೃಶ್ಯಗಳನ್ನು ರಾಜ್ಯದ ಜನರೆಲ್ಲ ಕಂಡಿದ್ದಾರೆ. ಕ್ವಿಂಟಲುಗಟ್ಟಲೆ ತೂಕದ ಹಾರ ಮೇಲೆ ತೂಗುತ್ತಿರುವಾಗ ಅದರ ಕೆಳಗೇ ಸಾವಿರಾರು ಮಂದಿ ಹಣ್ಣು ಕೀಳಲು ಮುಗಿಬೀಳುತ್ತಾರೆ. ಎತ್ತಿದ ಭಾರದ ಅಡಿಯಲ್ಲಿ ಯಾರೂ ನಿಲ್ಲಬಾರದೆಂಬುದು ಎತ್ತುವ ಕೆಲಸದ ಮೊದಲ ಪಾಠ. ಆ ಪಾಠವನ್ನು ಸಾರ್ವಜನಿಕವಾಗಿ, ಪೊಲೀಸ್ ಬಂದೋಬಸ್ತಿನಲ್ಲಿಯೇ ಮುರಿಯುವ ಸಂಪ್ರದಾಯವನ್ನು ನಾವು ಬೆಳೆಸಿಕೊಂಡಿದ್ದೇವೆ.

ಪ್ರಶ್ನೆ ಉತ್ಸವ ಮತ್ತು ಮೆರವಣಿಗೆಗಳಿಗಷ್ಟೇ ಸೀಮಿತವಲ್ಲ. ಭಾರ ಎತ್ತುವ ಸಲಕರಣೆ ಹೊತ್ತ ವಾಹನಗಳು ನಮ್ಮ ದೈನಂದಿನ ಬದುಕಿನ ಭಾಗವೇ ಆಗಿವೆ. ಕೆಟ್ಟು ನಿಂತ ಬಸ್ಸನ್ನು ಎಳೆಯಲು ಬರುವ ಕ್ರೇನ್, ಬೀದಿದೀಪ ರಿಪೇರಿಗೆ ಕಾರ್ಮಿಕನನ್ನು ಬುಟ್ಟಿಯಲ್ಲಿ ಕೂರಿಸಿ ಮೇಲೆತ್ತುವ ಲಾರಿ, ಕಸದ ತೊಟ್ಟಿಯನ್ನು ಎತ್ತಿ ಬೋರಲು ಹಾಕುವ ಕಾಂಪ್ಯಾಕ್ಟರ್, ಜಲ್ಲಿ ಸುರಿಯುವ ಟಿಪ್ಪರ್, ಟ್ರಾನ್ಸ್‌ಫಾರ್ಮರ್ ಇಳಿಸುವ ಕ್ರೇನ್ ಲಾರಿ, ಮನೆಯಂಗಳದ ಕೊಳವೆಬಾವಿಯಿಂದ ಪಂಪು ಮತ್ತು ಪೈಪುಗಳನ್ನು ಮೇಲೆತ್ತುವ ಗಾಡಿ ಇವೆಲ್ಲವೂ ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಬಹುಪಾಲು ಕೆಲಸ ಮಾಡುವುದು ಕಾರ್ಖಾನೆಯ ಗೋಡೆಯೊಳಗಲ್ಲ. ಶಾಲೆಗೆ ಹೋಗುವ ಮಕ್ಕಳು, ತರಕಾರಿ ಮಾರುವವರು, ಬಸ್ಸಿಗೆ ಕಾಯುವವರು ಇರುವ ಬೀದಿಯಲ್ಲೇ ಅವುಗಳ ಕೆಲಸ.

ಇಂಥ ವಾಹನದ ಸುರಕ್ಷತೆಯನ್ನು ಸರ್ಕಾರ ಹೇಗೆ ಪರೀಕ್ಷಿಸುತ್ತದೆ? ಸಾಮಾನ್ಯರ ಉತ್ತರ 'ಆರ್‌ಟಿಒ ಇದೆಯಲ್ಲ' ಎಂಬುದು. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. ಜನರ ಬಾಯಲ್ಲಿ ಇದು 'ಎಫ್‌ಸಿ'. ವಾಹನಕ್ಕೆ ಎಂಟು ವರ್ಷವಾಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅದನ್ನು ನವೀಕರಿಸಬೇಕು. ಅಲ್ಲಿ ಪರೀಕ್ಷೆಗೆ ಒಳಪಡುವುದು ಬ್ರೇಕು, ಸ್ಟೀರಿಂಗ್, ದೀಪ, ಹಾರ್ನ್, ಕನ್ನಡಿ, ವೈಪರ್, ಹೊಗೆ ಇತ್ಯಾದಿ. ವಾಹನ ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬುದನ್ನು ತಿಳಿಯಲು ಇದು ಸರಿಯಾದ ಕ್ರಮವೇ. ಆದರೆ ಆ ವಾಹನದ ಬೆನ್ನ ಮೇಲಿರುವ ಕ್ರೇನಿನ ಹಗ್ಗ ಸವೆದಿದೆಯೇ, ಕೊಕ್ಕೆ ಬಾಯಿ ಬಿಟ್ಟಿದೆಯೇ, ಬೂಮಿನ ಬೆಸುಗೆ ಸೀಳಿದೆಯೇ ಎಂಬುದು ಈ ಪರೀಕ್ಷೆಯ ವಿಷಯವಲ್ಲ. ಹತ್ತು ಟನ್ ಎತ್ತುವ ಯಂತ್ರದ ವೈಪರ್ ಆಡುತ್ತದೆಯೇ ಎಂದು ನೋಡಿ ಕಳುಹಿಸುವ ವ್ಯವಸ್ಥೆ ಇದು.

ಇನ್ನೊಂದು ವಿಪರ್ಯಾಸವಿದೆ. ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ, ಭಾರವನ್ನು ಎತ್ತಿಕೊಂಡೇ ಸಾಗುವ ಕ್ರೇನನ್ನು ಜನ 'ಹೈಡ್ರಾ' ಎನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಯಲ್ಲಿ ಇಂಥ ಚಲಿಸುವ ಕ್ರೇನುಗಳು 'ನಿರ್ಮಾಣ ಸಲಕರಣೆ ವಾಹನ'ಗಳ ಗುಂಪಿಗೆ ಸೇರುತ್ತವೆ. ನಿಯಮದ ವಿವರಣೆ ಪ್ರಕಾರ ಇವು 'ಸಾರಿಗೆಯೇತರ ವಾಹನ'ಗಳು. ಇವು ರಸ್ತೆಯಲ್ಲಿ ಓಡುವುದು ಕೇವಲ ಪ್ರಾಸಂಗಿಕ, ಅದೂ ಅಲ್ಪ ಕಾಲ, ಗಂಟೆಗೆ 50 ಕಿ.ಮೀ. ಮೀರದ ವೇಗದಲ್ಲಿ ಎಂಬುದು ಕಾನೂನಿನ ಕಲ್ಪನೆ. ಸಾರಿಗೆಯೇತರ ವಾಹನದ ನೋಂದಣಿಗೆ 15 ವರ್ಷಗಳ ಮಾನ್ಯತೆ ಇದೆ. ಅಂದರೆ ಮನೆಯ ಕಾರಿಗೆ ಅನ್ವಯಿಸುವ ತರ್ಕವೇ ಹೈಡ್ರಾಕ್ಕೂ ಅನ್ವಯಿಸುತ್ತದೆ! ಬಾಡಿಗೆಗೆ ಓಡುವ ಪುಟ್ಟ ಆಟೊರಿಕ್ಷಾ ನಿಯಮಿತವಾಗಿ ಎಫ್‌ಸಿ ಮಾಡಿಸಬೇಕು. ದಿನವಿಡೀ ಬಾಡಿಗೆಗೆ ಟನ್‌ಗಟ್ಟಲೆ ಭಾರ ಎತ್ತುವ ಕ್ರೇನಿಗೆ ಆ ಕಟ್ಟುಪಾಡಿಲ್ಲ.

ಹಾಗಾದರೆ ಭಾರ ಎತ್ತುವ ಯಂತ್ರಗಳ ಬಗ್ಗೆ ನಮ್ಮಲ್ಲಿ ಕಾನೂನೇ ಇರಲಿಲ್ಲವೇ? ಇತ್ತು, ಮತ್ತು ಅದು ಚೆನ್ನಾಗಿಯೇ ಇತ್ತು. 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗ ಇವುಗಳನ್ನು 12 ತಿಂಗಳಿಗೊಮ್ಮೆಯಾದರೂ 'ಸಕ್ಷಮ ವ್ಯಕ್ತಿ'ಯೊಬ್ಬರು ಕೂಲಂಕಷವಾಗಿ ಪರೀಕ್ಷಿಸಬೇಕು ಎಂದಿತ್ತು. ಸುರಕ್ಷಿತ ಭಾರ ಮಿತಿಯನ್ನು ಯಂತ್ರದ ಮೇಲೆ ಎದ್ದು ಕಾಣುವಂತೆ ಬರೆಯಬೇಕು, ಪರೀಕ್ಷೆಯ ಸಂದರ್ಭ ಹೊರತು ಮತ್ತೆಂದೂ ಆ ಮಿತಿ ಮೀರಬಾರದು ಎಂದೂ ಹೇಳಿತ್ತು. ಭೋಪಾಲ್ ದುರಂತದ ನಂತರ 1987ರಲ್ಲಿ ತಂದ ತಿದ್ದುಪಡಿ 'ಸಕ್ಷಮ ವ್ಯಕ್ತಿ' ಎಂದರೆ ಯಾರು ಎಂಬುದನ್ನು ವ್ಯಾಖ್ಯಾನಿಸಿತು. ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ 1996ರ ಕಾಯ್ದೆ ಹಾಗೂ 1998ರ ಕೇಂದ್ರ ನಿಯಮಗಳು ಇನ್ನೂ ವಿವರಕ್ಕೆ ಹೋದವು. ಮೊದಲ ಬಳಕೆಗೆ ಮುನ್ನ ಭಾರ ಹೇರಿ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಮರುಪರೀಕ್ಷೆ, ವರ್ಷಕ್ಕೊಮ್ಮೆ ಕೂಲಂಕಷ ತಪಾಸಣೆ ಎಂದು ಅವು ವಿಧಿಸಿದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ಸುರಕ್ಷತಾ ಮಾನದಂಡಗಳನ್ನು ಘೋಷಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಆದರೆ ಹಳೆಯ ಕಾನೂನಾಗಲಿ ಹೊಸ ಸಂಹಿತೆಯಾಗಲಿ ನೋಡುವುದು ಕೆಲಸದ ಸ್ಥಳವನ್ನು, ರಕ್ಷಿಸುವುದು ಮುಖ್ಯವಾಗಿ ಕಾರ್ಮಿಕನನ್ನು. ಹೊಸ ಸಂಹಿತೆ ಸಾಮಾನ್ಯವಾಗಿ ಅನ್ವಯಿಸುವುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಎರಡು ಕ್ರೇನ್, ಇಬ್ಬರು ಆಪರೇಟರ್, ಇಬ್ಬರು ಹೆಲ್ಪರ್ ಇಟ್ಟುಕೊಂಡು ರಿಂಗ್ ರಸ್ತೆಯ ಬದಿಯಲ್ಲಿ ಬಾಡಿಗೆಗೆ ಕಾಯುವ ಮಾಲೀಕ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವನ ಕ್ರೇನ್ ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಹೋದಾಗ ಅಲ್ಲಿನ ಸುರಕ್ಷತಾ ಅಧಿಕಾರಿ ಪರೀಕ್ಷಾ ಪತ್ರ ಕೇಳುತ್ತಾರೆ. ಅದೇ ಕ್ರೇನ್ ಗೇಟಿನಿಂದ ಹೊರಬಂದು ಪಕ್ಕದ ಬಡಾವಣೆಯಲ್ಲಿ ನೀರಿನ ಟ್ಯಾಂಕನ್ನು ಮೂರನೇ ಮಹಡಿಗೆ ಏರಿಸುವಾಗ ಯಾರೂ ಏನನ್ನೂ ಕೇಳುವುದಿಲ್ಲ. ಗೇಟಿನೊಳಗೆ ಅದು ಯಂತ್ರ, ರಸ್ತೆಯಲ್ಲಿ ಅದು ವಾಹನ. ರಸ್ತೆಯಲ್ಲಿ ನಿಂತು ಯಂತ್ರವಾಗಿ ಕೆಲಸ ಮಾಡುವಾಗ ಮಾತ್ರ ಅದು ಯಾರದ್ದೂ ಅಲ್ಲ. ಸಾರಿಗೆ ಇಲಾಖೆ ಚಕ್ರಗಳನ್ನು ನೋಡುತ್ತದೆ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಕಾರ್ಖಾನೆಯನ್ನು ನೋಡುತ್ತದೆ. ಪೊಲೀಸರು ಶವವನ್ನು ನೋಡುತ್ತಾರೆ.

ತಪಾಸಣೆಯಿಂದ ನಿಜಕ್ಕೂ ಏನಾದರೂ ಪ್ರಯೋಜನವಿದೆಯೇ ಎಂದು ಕೇಳುವವರಿಗಾಗಿ, ಪರೀಕ್ಷಕ ನೋಡಬೇಕಾದದ್ದು ಏನನ್ನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಕ್ರೇನಿನ ಉಕ್ಕಿನ ಹಗ್ಗ ಒಂದೇ ಕ್ಷಣದಲ್ಲಿ ಹಳತಾಗುವುದಿಲ್ಲ. ಅದು ಹಲವು ತೆಳು ತಂತಿಗಳ ಹೆಣಿಗೆ. ರಾಟೆಯ ಮೇಲೆ ಬಾಗಿ ಬಾಗಿ ಆ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಹಗ್ಗದ ವ್ಯಾಸದ ಎಂಟು ಪಟ್ಟು ಉದ್ದದೊಳಗೆ ಕಣ್ಣಿಗೆ ಕಾಣುವಂತೆ ತುಂಡಾದ ತಂತಿಗಳು ಒಟ್ಟು ತಂತಿಗಳ ಶೇ 10ನ್ನು ಮೀರಿದರೆ ಆ ಹಗ್ಗವನ್ನು ಬಳಸಕೂಡದು ಎಂಬುದು 1998ರ ನಿಯಮ. 16 ಮಿ.ಮೀ. ದಪ್ಪದ ಹಗ್ಗವಾದರೆ ಈ ಉದ್ದ ಸುಮಾರು 13 ಸೆಂ.ಮೀ., ಒಂದು ಗೇಣಿಗಿಂತ ಕಡಿಮೆ. ಆರು ಎಳೆ, ಎಳೆಗೆ 19 ತಂತಿಯಂತೆ ಹೆಣೆದ ಹಗ್ಗದಲ್ಲಿ 114 ತಂತಿಗಳಿರುತ್ತವೆ. ಆ ಗೇಣಳತೆಯೊಳಗೆ 12 ತಂತಿಗಳು ಮುರಿದಿದ್ದರೆ ಹಗ್ಗದ ಆಯುಸ್ಸು ಮುಗಿಯಿತು. ಇದನ್ನು ಕಂಡುಹಿಡಿಯಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಹಗಲು ಬೆಳಕು, ಜಿಡ್ಡು ಒರೆಸಲು ಬಟ್ಟೆ, ಸ್ವಲ್ಪ ತಾಳ್ಮೆ ಮತ್ತು 'ಇದು ಆಗದು' ಎಂದು ಬರೆಯುವ ಧೈರ್ಯ ಇದ್ದರೆ ಸಾಕು.

ಹೈಡ್ರಾಲಿಕ್ ಭಾಗಗಳದ್ದೂ ಇದೇ ಕಥೆ. ಎಣ್ಣೆಯ ಒತ್ತಡವೇ ಬೂಮನ್ನು ಹಿಡಿದು ನಿಲ್ಲಿಸಿರುತ್ತದೆ. ರಬ್ಬರಿನ ಕೊಳವೆಯೊಂದು ಸಿಡಿದರೆ ಬೂಮ್ ಕುಸಿಯದಂತೆ ತಡೆಯಲು ಸಿಲಿಂಡರಿನ ಬಾಯಲ್ಲೇ ಒಂದು ಕವಾಟ ಇರುತ್ತದೆ. ಆ ಕವಾಟ ಕೆಟ್ಟಿದ್ದರೆ ದಿನನಿತ್ಯದ ಕೆಲಸದಲ್ಲಿ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಕೊಳವೆ ಸಿಡಿದ ದಿನ ಮಾತ್ರ. ಟಿಪ್ಪರಿನ ಎತ್ತಿದ ತೊಟ್ಟಿಯ ಕೆಳಗೆ ಆಧಾರ ಕೊಡದೆ ತೂರಿ ರಿಪೇರಿ ಮಾಡುವವನ ಜೀವವೂ ಇದೇ ಎಣ್ಣೆಯ ನಂಬಿಕೆಯ ಮೇಲೆ ನಿಂತಿರುತ್ತದೆ. ಕೊಕ್ಕೆಯಿಂದ ಹಗ್ಗ ಜಾರದಂತೆ ತಡೆಯುವ ನಾಲಿಗೆ, ಕೊಕ್ಕೆ ಮಿತಿಮೀರಿ ಮೇಲೇರದಂತೆ ನಿಲ್ಲಿಸುವ ಸ್ವಿಚ್ಚು, ಭಾರ ಹೆಚ್ಚಾದಾಗ ಕೂಗಿ ಎಚ್ಚರಿಸುವ ಸೂಚಕ ಇವೆಲ್ಲ ಕೆಲಸಕ್ಕೆ ಅಡ್ಡಿಯೆಂದು ಮೊದಲು ಕಿತ್ತುಹಾಕುವ ವಸ್ತುಗಳು. ತಪಾಸಣೆ ಇಲ್ಲದ ಕಡೆ ಇವು ಮರಳಿ ಬರುವುದಿಲ್ಲ.

ಭಾರ ಮಿತಿಯ ಬಗೆಗಿನ ಅಜ್ಞಾನ ಇವೆಲ್ಲಕ್ಕಿಂತ ದೊಡ್ಡದು. '14 ಟನ್ ಕ್ರೇನ್' ಎಂದು ಬರೆದಿದ್ದರೆ ಅದು ಎಲ್ಲಿ ಬೇಕಾದರೂ 14 ಟನ್ ಎತ್ತುತ್ತದೆ ಎಂದು ಕ್ರೇನ್ ಕರೆಸುವವರು ನಂಬುತ್ತಾರೆ. ಅದು ಬೂಮನ್ನು ಹತ್ತಿರಕ್ಕೆ ಎಳೆದುಕೊಂಡು, ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಂತಾಗಿನ ಮಾತು. ಭಾರ ಎರಡರಷ್ಟು ದೂರಕ್ಕೆ ಹೋದರೆ ಸಾಮರ್ಥ್ಯ ಅರ್ಧಕ್ಕೆ, ಅನೇಕ ವೇಳೆ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಬಾಲ್ಯದಲ್ಲಿ ಏರುಪೇರು ಹಲಗೆಯ ಮೇಲೆ ಆಡಿದವರಿಗೆಲ್ಲ ತಿಳಿದಿರುವ ತತ್ವ ಇದು. ತಯಾರಕರು ಕೊಡುವ ಭಾರದ ಕೋಷ್ಟಕ ಇದನ್ನು ಮೀಟರ್ ಮೀಟರಿಗೆ ಹೇಳುತ್ತದೆ. ಆ ಕೋಷ್ಟಕ ಕ್ಯಾಬಿನ್ನಿನೊಳಗೆ ಆಪರೇಟರಿಗೆ ತಿಳಿಯುವ ಭಾಷೆಯಲ್ಲಿ ಇದೆಯೇ ಎಂಬುದೂ ತಪಾಸಣೆಯ ಭಾಗವಾಗಬೇಕು. ಹಿಂದಿನ ಚಕ್ರಗಳು ನೆಲ ಬಿಡತೊಡಗಿದಾಗ ನಾಲ್ಕು ಜನರನ್ನು ಹಿಂದೆ ಹತ್ತಿಸಿ ನಿಲ್ಲಿಸುವ 'ತಂತ್ರಜ್ಞಾನ' ಚಾಲ್ತಿಯಲ್ಲಿರುವವರೆಗೆ ಇಂಥ ಕೋಷ್ಟಕಕ್ಕೆ ಬೆಲೆ ಬಾರದು.

ಇಷ್ಟಾಗಿಯೂ ಎಲ್ಲ ತಪ್ಪನ್ನು ಆಪರೇಟರ್ ತಲೆಗೆ ಕಟ್ಟುವುದು ಅನ್ಯಾಯ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತದೆ. ಕರೆಸಿದವನಿಗೆ ಅವಸರ, ಮಾಲೀಕನಿಗೆ ಸಾಲದ ಕಂತು. 'ಆಗುವುದಿಲ್ಲ' ಎಂದು ಹೇಳುವ ಆಪರೇಟರಿನ ಜಾಗಕ್ಕೆ 'ನೋಡೋಣ ಬಿಡಿ' ಎನ್ನುವ ಇನ್ನೊಬ್ಬ ಸಿದ್ಧನಿರುತ್ತಾನೆ. ಸಾವು ಸಂಭವಿಸಿದಾಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಮೊದಲು ಹೆಸರು ಬರುವುದು ಲಿವರ್ ಹಿಡಿದಿದ್ದವನದ್ದು. ಸವೆದ ಹಗ್ಗವನ್ನು ಬದಲಿಸದ ಮಾಲೀಕ, ಪರೀಕ್ಷಾ ಪತ್ರ ಕೇಳದೆ ಅಗ್ಗದ ಕ್ರೇನ್ ಕರೆಸಿದ ಗುತ್ತಿಗೆದಾರ, ಮೆರವಣಿಗೆಗೆ ಅನುಮತಿ ಕೊಟ್ಟ ಅಧಿಕಾರಿ ಇವರೆಲ್ಲ ಸಾಕ್ಷಿಗಳಾಗಿ ಉಳಿಯುತ್ತಾರೆ. ಅಧಿಕೃತ ಪರೀಕ್ಷಾ ಪತ್ರವೊಂದು ಇದ್ದರೆ 'ಈ ಯಂತ್ರದ ಮಿತಿ ಇಷ್ಟೇ, ನೋಡಿ' ಎಂದು ತೋರಿಸಿ ಕೆಲಸ ನಿರಾಕರಿಸುವ ಬಲ ಆಪರೇಟರಿಗೆ ಸಿಗುತ್ತದೆ. ತಪಾಸಣೆ ಅವನನ್ನು ಹಿಡಿಯುವ ಬಲೆ ಅಲ್ಲ, ಅವನ ಕೈಗೆ ಕೊಡುವ ಗುರಾಣಿ.

ವಿಮೆಯ ವಿಷಯದಲ್ಲೂ ಅನೇಕ ಮಾಲೀಕರು ಭ್ರಮೆಯಲ್ಲಿದ್ದಾರೆ. ಮೂರನೇ ವ್ಯಕ್ತಿಯ ವಿಮೆ ಇದೆ, ಆದ್ದರಿಂದ ಎಲ್ಲಕ್ಕೂ ರಕ್ಷಣೆ ಇದೆ ಎಂದು ತಿಳಿಯುತ್ತಾರೆ. ಭಾರತೀಯ ಮೋಟಾರು ವಿಮಾ ದರಪಟ್ಟಿಯಲ್ಲಿ ಮೊಬೈಲ್ ಕ್ರೇನ್, ಕೊರೆಯುವ ರಿಗ್ ಮೊದಲಾದವುಗಳಿಗೆಂದೇ ಒಂದು ಪ್ರತ್ಯೇಕ ಷರತ್ತಿದೆ. ಅದರ ಸಂಖ್ಯೆ ಐಎಂಟಿ 47. ಯಂತ್ರವಾಗಿ ಕೆಲಸ ಮಾಡುವಾಗ ಮಗುಚಿ ಬಿದ್ದರೆ ಆಗುವ ನಷ್ಟ ಮತ್ತು ಆ ಕೆಲಸದಿಂದ ಹುಟ್ಟುವ ಹೊಣೆಗಾರಿಕೆಯನ್ನು, ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದಷ್ಟನ್ನು ಬಿಟ್ಟು, ಈ ಷರತ್ತು ವಿಮೆಯಿಂದ ಹೊರಗಿಡುತ್ತದೆ. ಹೆಚ್ಚುವರಿ ಕಂತು ಕಟ್ಟಿ ಬೇರೆ ರಕ್ಷಣೆ ಪಡೆಯದಿದ್ದರೆ ಅನಾಹುತದ ದಿನ ಮಾಲೀಕ ಬರಿಗೈಯಲ್ಲಿ ನಿಲ್ಲಬೇಕಾದೀತು. ಅವನು ಬರಿಗೈಯಾದರೆ ಸತ್ತವರ ಮನೆಯವರ ಗತಿ ಏನು?

ಬೇರೆ ದೇಶಗಳು ಈ ಗಂಟನ್ನು ಬಿಡಿಸಿಕೊಂಡಿವೆ. ಬ್ರಿಟನ್ 1998ರಲ್ಲಿ ಜಾರಿಗೆ ತಂದ ಎತ್ತುವ ಸಲಕರಣೆಗಳ ನಿಯಮಾವಳಿ, ಸಲಕರಣೆ ಎಲ್ಲಿದೆ ಎಂದು ಕೇಳುವುದಿಲ್ಲ, ಏನು ಮಾಡುತ್ತದೆ ಎಂದು ಕೇಳುತ್ತದೆ. ಕಾರ್ಖಾನೆಯ ಕ್ರೇನಿನಂತೆ ಲಾರಿಯ ಮೇಲಿನ ಕ್ರೇನ್ ಕೂಡ, ಸರಕು ಇಳಿಸಲು ಲಾರಿಯ ಹಿಂಬದಿಗೆ ಜೋಡಿಸಿದ ಏರಿಳಿಯುವ ಹಲಗೆ ಕೂಡ ಕೆಲಸದಲ್ಲಿ ಬಳಕೆಯಾಗುತ್ತಿದ್ದರೆ ಅದರ ವ್ಯಾಪ್ತಿಗೆ ಬರುತ್ತದೆ. ಮನುಷ್ಯರನ್ನು ಎತ್ತುವ ಸಲಕರಣೆ ಮತ್ತು ಕೊಕ್ಕೆ, ಸರಪಳಿ, ಬೆಲ್ಟುಗಳನ್ನು ಆರು ತಿಂಗಳಿಗೊಮ್ಮೆ, ಉಳಿದವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಅಲ್ಲಿನ ಸಾಮಾನ್ಯ ಕ್ರಮ. ವಾಹನದ ವಾರ್ಷಿಕ ರಸ್ತೆ ಪರೀಕ್ಷೆ ಬೇರೆ, ಇದು ಬೇರೆ. ಮುಖ್ಯವಾದ ಅಂಶ ಇನ್ನೊಂದಿದೆ. ಗಂಭೀರ ಗಾಯಕ್ಕೆ ಕಾರಣವಾಗಬಲ್ಲ ದೋಷ ಕಂಡರೆ ಪರೀಕ್ಷಕ ಅದನ್ನು ಮಾಲೀಕನಿಗೆ ಹೇಳಿ ಸುಮ್ಮನಾಗುವಂತಿಲ್ಲ, ವರದಿಯ ಪ್ರತಿಯನ್ನು ಸುರಕ್ಷತಾ ಪ್ರಾಧಿಕಾರಕ್ಕೂ ಕಳುಹಿಸಬೇಕು.

ನಮ್ಮಲ್ಲಿ ಇಂಥ ಮಾತು ಎತ್ತಿದೊಡನೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಮತ್ತೊಂದು ಇನ್‌ಸ್ಪೆಕ್ಟರ್ ರಾಜ್ ಬೇಕೇ ಎಂಬುದು. ಎರಡನೆಯದು, ಸಹಿಗೆ ಬೆಲೆ ಕಟ್ಟಿ ಕೊಳ್ಳುವ ನಾಡಿನಲ್ಲಿ ಪತ್ರ ಇದ್ದೇನು ಪ್ರಯೋಜನ ಎಂಬುದು. ಎರಡರಲ್ಲೂ ಸತ್ಯಾಂಶವಿದೆ. ಯಂತ್ರವನ್ನು ಕಣ್ಣಲ್ಲೂ ನೋಡದೆ ಕೊಡುವ ಪರೀಕ್ಷಾ ಪತ್ರ, ಪತ್ರವೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಪರೀಕ್ಷೆ ಎಂಬುದು ಶಾಸ್ತ್ರ ಮುಗಿಸುವ ಕೆಲಸವಲ್ಲ ಎಂಬುದಕ್ಕೆ ವಿಶಾಖಪಟ್ಟಣವೇ ಸಾಕ್ಷಿ. 2020ರ ಆಗಸ್ಟ್ 1ರಂದು ಅಲ್ಲಿನ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಬೃಹತ್ ಕ್ರೇನೊಂದು ಪರೀಕ್ಷೆಯ ವೇಳೆಯಲ್ಲೇ ಕುಸಿದು 11 ಮಂದಿ ಸತ್ತರು. ಆದರೆ ಕಳಪೆ ತಪಾಸಣೆಗೆ ಮದ್ದು ತಪಾಸಣೆಯನ್ನೇ ಕೈಬಿಡುವುದಲ್ಲ, ಪರೀಕ್ಷಕನನ್ನೂ ಹೊಣೆಗಾರನನ್ನಾಗಿ ಮಾಡುವುದು. ಸಣ್ಣ ಮಾಲೀಕನಿಗೆ ಖರ್ಚಿನ ಹೊರೆ ಎಂಬ ವಾದಕ್ಕೂ ಉತ್ತರವಿದೆ. ವರ್ಷಕ್ಕೊಂದು ದಿನ ಯಂತ್ರ ನಿಲ್ಲುವ ನಷ್ಟವನ್ನು, ಒಂದು ಸಾವಿನ ನಂತರ ಅದು ಠಾಣೆಯ ಆವರಣದಲ್ಲಿ ತಿಂಗಳುಗಟ್ಟಲೆ ತುಕ್ಕು ಹಿಡಿಯುವ ನಷ್ಟದ ಜೊತೆ ತೂಗಿ ನೋಡಲಿ.

ಆಗಬೇಕಾದ ಕೆಲಸ ಅಸಾಧ್ಯವಾದದ್ದೇನಲ್ಲ. ಎತ್ತುವ ಸಲಕರಣೆ ಹೊತ್ತ ಪ್ರತಿಯೊಂದು ವಾಹನಕ್ಕೂ, ಅದು ಸಾರಿಗೆ ವಾಹನವಾಗಲಿ ನಿರ್ಮಾಣ ಸಲಕರಣೆ ವಾಹನವಾಗಲಿ, ವಾರ್ಷಿಕ ಎತ್ತುವಿಕೆ ಪರೀಕ್ಷಾ ಪತ್ರ ಕಡ್ಡಾಯವಾಗಬೇಕು. ಆ ಪತ್ರದ ವಿವರ ನೋಂದಣಿ ಮತ್ತು ವಿಮೆಯ ವಿವರದಂತೆಯೇ 'ವಾಹನ್' ದತ್ತಾಂಶದಲ್ಲಿ ಸೇರಬೇಕು. ಹಾಗಾದರೆ ಸಂಚಾರ ಪೊಲೀಸ್ ಪೇದೆಯೂ ಮೊಬೈಲಿನಲ್ಲಿ ನೋಡಬಹುದು, ಕ್ರೇನ್ ಕರೆಸುವ ಗೃಹಸ್ಥನೂ ನೋಡಬಹುದು. ಹೊಸ ಸಂಹಿತೆಯಡಿ ಮಾನದಂಡಗಳನ್ನು ರೂಪಿಸುವಾಗ ಕೆಲಸಗಾರರ ಸಂಖ್ಯೆಯ ಮಿತಿ ಎತ್ತುವ ಯಂತ್ರಗಳಿಗೆ ಅಡ್ಡಬಾರದಂತೆ ನೋಡಿಕೊಳ್ಳಬೇಕು. ಸಂಹಿತೆಯಲ್ಲಿ ಅದು ಸಾಧ್ಯವಾಗದಿದ್ದರೆ ಮೋಟಾರು ವಾಹನ ನಿಯಮಗಳಲ್ಲೇ ಆಗಲಿ. ಕ್ರೇನ್ ಬಾಡಿಗೆಗೆ ಪಡೆಯುವ ಗುತ್ತಿಗೆದಾರ, ನಗರಪಾಲಿಕೆ, ವಿದ್ಯುತ್ ಕಂಪನಿ ಪತ್ರ ಕೇಳದೆ ಕೆಲಸ ಮಾಡಿಸಿದರೆ ಅವರೂ ಹೊಣೆಗಾರರೆಂದು ಕಾನೂನು ಹೇಳಲಿ. ಸಣ್ಣ ಮಾಲೀಕರಿಗಾಗಿ ಜಿಲ್ಲೆಗೊಂದು ಪಾಲಿಟೆಕ್ನಿಕ್ ಅಥವಾ ಐಟಿಐ ಆವರಣದಲ್ಲಿ ತೂಕದ ಕಲ್ಲುಗಳಿರುವ ಪರೀಕ್ಷಾ ಅಂಗಳ ಮಾಡಿದರೆ, ಅಲ್ಲಿನ ವಿದ್ಯಾರ್ಥಿಗಳಿಗೂ ಅದು ಪಾಠವಾಗುತ್ತದೆ.

ಇವೆಲ್ಲಕ್ಕೆ ಕಾಲ ಹಿಡಿಯಬಹುದು. ಆದರೆ ಒಂದು ಕೆಲಸವನ್ನು ನಾಳೆಯೇ ಮಾಡಬಹುದು. ಉತ್ಸವ, ಮೆರವಣಿಗೆ, ಸ್ವಾಗತ ಸಮಾರಂಭಗಳಿಗೆ ಅನುಮತಿ ಕೊಡುವ ಪೊಲೀಸ್ ಇಲಾಖೆ ಮತ್ತು ಜಿಲ್ಲಾಡಳಿತ, ಸರಕಿಗೆಂದೇ ಮಾಡಿದ ಕ್ರೇನಿನಲ್ಲಿ ಮನುಷ್ಯರನ್ನು ಎತ್ತಕೂಡದು ಮತ್ತು ಜನರ ತಲೆಯ ಮೇಲೆ ಭಾರ ತೂಗಿಸಕೂಡದು ಎಂಬ ಎರಡು ಷರತ್ತುಗಳನ್ನು ಅನುಮತಿ ಪತ್ರದಲ್ಲಿ ಸೇರಿಸಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಡ, ಸಚಿವ ಸಂಪುಟದ ಒಪ್ಪಿಗೆ ಬೇಡ, ಹಣವೂ ಬೇಡ. ಬೇಕಾಗಿರುವುದು ಹಾರ ಹಾಕಿಸಿಕೊಳ್ಳುವ ನಾಯಕರು 'ಬೇಡ' ಎನ್ನುವ ಮನಸ್ಸು ಮಾಡುವುದು ಮಾತ್ರ. ಪಕ್ಷಭೇದವಿಲ್ಲದೆ ಎಲ್ಲರೂ ಈ ಗೀಳಿಗೆ ಬಿದ್ದಿರುವುದರಿಂದ ಇದನ್ನು ಬಿಡುವುದರಲ್ಲೂ ಪಕ್ಷಭೇದ ಇರಬೇಕಾಗಿಲ್ಲ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಕ್ರೇನುಗಳ ವಿಷಯದಲ್ಲಿ ನಾವು ಕೊಳ್ಳೆ ಹೋದ ಮೇಲೂ ಬಾಗಿಲು ಹಾಕಿಲ್ಲ. ಬಾಗಿಲು ಯಾರು ಹಾಕಬೇಕು ಎಂದು ಇಲಾಖೆಗಳು ಒಂದರ ಮುಖ ಇನ್ನೊಂದು ನೋಡುತ್ತ ಕುಳಿತಿವೆ. ಸಾರಿಗೆ ಮತ್ತು ಕಾರ್ಮಿಕ ಇಲಾಖೆಗಳನ್ನು ಒಂದೇ ಮೇಜಿನ ಮುಂದೆ ಕೂರಿಸಿ ಈ ಹೊಣೆಯನ್ನು ಒಬ್ಬರಿಗೆ ಬರೆದುಕೊಡುವುದು ರಾಜ್ಯ ಸರ್ಕಾರದಿಂದ ಆಗದ ಕೆಲಸವೇನಲ್ಲ. ಅದು ಆಗುವ ತನಕ ನಮ್ಮ ಬೀದಿಯಲ್ಲಿ ತೂಗುವ ಪ್ರತಿಯೊಂದು ಭಾರವನ್ನೂ ಹಿಡಿದಿರುವುದು ಹಗ್ಗವಲ್ಲ, ಕೆಳಗೆ ನಡೆದುಹೋಗುವವರ ಅದೃಷ್ಟ.